ಸ್ಕ್ರೀನ್‌ನಲ್ಲಿ ಗೆರೆ ಬಂತೇ? ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ

ಡೆಸ್ಕ್‌ಟಾಪ್‌ನ ಸ್ಕ್ರೀನ್ ಕೈ ಕೊಡುವ ರೀತಿ ಒಂದೆರಡಲ್ಲ. ಕೆಲಸದ ನಡುವೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಬಣ್ಣಬಣ್ಣದ ಚೌಕಗಳು ಮೂಡುತ್ತವೆ. ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಬಂದು ಕೂತುಬಿಡುತ್ತದೆ. ಬಿಳಿ ಹಾಳೆ ಹಳದಿಯಾಗಿ ಕಾಣುತ್ತದೆ. ಯೂಟ್ಯೂಬ್ ಹಾಕಿದರೆ ದನಿ ಸರಿಯಾಗಿದೆ, ಚಿತ್ರವೆಲ್ಲ ಹಸಿರು. ಕಾಯಿಲೆ ಇಷ್ಟೊಂದು ಬಗೆ ಇದ್ದರೂ ನಮ್ಮಲ್ಲಿ ಸಿಗುವ ಮದ್ದು ಮೂರೇ. ಮಾನಿಟರ್ ತಲೆಗೆ ಒಂದೇಟು, ಇಲ್ಲ ಫಾರ್ಮ್ಯಾಟ್ ಹೊಡೆಸು, ಇಲ್ಲ 'ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಸಾರ್'.

ಮೂರನೆಯದು ದುಬಾರಿ ಮಾತು. ಕೇಬಲ್‌ಗೆ ಕೆಲವು ನೂರು ರೂಪಾಯಿ, ಒಳ್ಳೆಯ ಕಾರ್ಡ್‌ಗೆ ಹತ್ತಾರು ಸಾವಿರ. ಆದರೆ ಎರಡರಲ್ಲಿ ಯಾವುದು ಕೆಟ್ಟರೂ ಮೇಲ್ನೋಟಕ್ಕೆ ಎಷ್ಟೋ ಸಲ ಒಂದೇ ಥರ ಕಾಣುತ್ತದೆ. ಹಾಗಾಗಿ ಏನನ್ನು ಬದಲಾಯಿಸಬೇಕು ಎಂದು ಕೇಳುವ ಮೊದಲು ಚಿತ್ರ ಎಲ್ಲಿ ಕೆಟ್ಟಿತು ಎಂದು ಹುಡುಕಬೇಕು. ಅದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಹುಡುಕಾಟದ ಬಹುಪಾಲು ಕೀಬೋರ್ಡ್ ಮತ್ತು ಮಾನಿಟರ್ ಬಟನ್‌ನಲ್ಲೇ ಮುಗಿಯುತ್ತದೆ.

ಚಿತ್ರ ಬರುವ ದಾರಿ

ಬ್ರೌಸರ್, ಗೇಮ್, ವರ್ಡ್ ಯಾವುದೇ ಇರಲಿ, ತನ್ನ ವಿಂಡೋದಲ್ಲಿ ಏನು ಕಾಣಬೇಕೆಂದು ಅದು ವಿಂಡೋಸ್‌ಗೆ ಹೇಳುತ್ತದೆ. ವಿಂಡೋಸ್ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸುತ್ತದೆ. ಆ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಅರ್ಥವಾಗುವಂತೆ ದಾಟಿಸುವುದು ಡ್ರೈವರ್. ಚಿಪ್ ಲೆಕ್ಕ ಮುಗಿಸಿದ ಮೇಲೆ ಪೂರ್ತಿ ಚಿತ್ರ ಮೆಮೊರಿಯ ಒಂದು ಜಾಗದಲ್ಲಿ ಬಂದು ಕೂರುತ್ತದೆ. ಆ ಜಾಗಕ್ಕೆ ಫ್ರೇಮ್ ಬಫರ್ ಎನ್ನುತ್ತಾರೆ. ಫುಲ್ ಎಚ್‌ಡಿ ಸ್ಕ್ರೀನ್ ಎಂದರೆ 1920 × 1080, ಒಟ್ಟು 20,73,600 ಚುಕ್ಕೆ. ಒಂದು ಚುಕ್ಕೆಗೆ 4 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್.

ಇಲ್ಲಿಯವರೆಗೆ ಎಲ್ಲವೂ ಬರೀ ಅಂಕಿ. ಇಲ್ಲಿಂದಾಚೆ ಅದು ತಂತಿಯಲ್ಲಿ ಓಡುವ ಸಿಗ್ನಲ್. ಸಾಮಾನ್ಯ ಮಾನಿಟರ್ ಆದರೆ ಸೆಕೆಂಡಿಗೆ 60 ಸಲ, ಮೇಲಿನ ಎಡಮೂಲೆಯಿಂದ ಶುರುಮಾಡಿ ಸಾಲು ಸಾಲಾಗಿ, ಆ ಚಿತ್ರವನ್ನು ಓದಿ ಪೋರ್ಟ್ ಮೂಲಕ ಕೇಬಲ್‌ಗೆ ಕಳಿಸಲಾಗುತ್ತದೆ. ಕೇಬಲ್ ದಾಟಿದ್ದು ಮಾನಿಟರ್ ಒಳಗಿನ ಬೋರ್ಡ್‌ಗೆ ಹೋಗುತ್ತದೆ, ಅಲ್ಲಿಂದ ಪ್ಯಾನೆಲ್‌ಗೆ, ಆಮೇಲೆ ನಿಮ್ಮ ಕಣ್ಣಿಗೆ.

ಮಳೆಗಾಲದಲ್ಲಿ ಹಳ್ಳಿಯ ಲೈನ್ ಫಾಲ್ಟ್ ಆದರೆ ಲೈನ್‌ಮ್ಯಾನ್ ಎಲ್ಲ ಕಂಬವನ್ನೂ ಹತ್ತುವುದಿಲ್ಲ. ನಡುವಿನ ಒಂದು ಕಂಬದಲ್ಲಿ ಎರಡೂ ಕಡೆಯ ತಂತಿ ಸೇರಿಸುವ ಜಂಪರ್ ಬಿಚ್ಚಿ, ಲೈನ್ ಚಾರ್ಜ್ ಮಾಡಿಸಿ ನೋಡುತ್ತಾರೆ. ಲೈನ್ ಟ್ರಿಪ್ ಆಗದೆ ಉಳಿದರೆ ಈ ಕಡೆ ಸರಿ ಇದೆ, ತೊಂದರೆ ಇರುವುದು ಆ ಕಡೆ. ನಾವು ಮಾಡಬೇಕಾದದ್ದೂ ಅದೇ. ಬಿಚ್ಚಬೇಕಾದ ಜಾಗ, ಅಂಕಿ ಮುಗಿದು ಸಿಗ್ನಲ್ ಶುರುವಾಗುವ ಆ ಗಡಿ.

ಎರಡು ಪುಕ್ಕಟೆ ಪರೀಕ್ಷೆ

ಸ್ಕ್ರೀನ್ ಮೇಲೆ ತೊಂದರೆ ಕಾಣುತ್ತಿರುವಾಗಲೇ ಪ್ರಿಂಟ್ ಸ್ಕ್ರೀನ್ ಕೀ ಒತ್ತಿ, ಅಥವಾ ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ನಿಮ್ಮ ಫೋನ್‌ಗೆ ಕಳಿಸಿ ಅಲ್ಲಿ ನೋಡಿ. ಫೋನ್‌ನಲ್ಲೇ ನೋಡಬೇಕು. ಅದೇ ಮಾನಿಟರ್‌ನಲ್ಲಿ ತೆರೆದರೆ ಹಳೆಯ ಗೆರೆ ಹೊಸ ಚಿತ್ರದ ಮೇಲೂ ಕೂತಿರುತ್ತದೆ, ಏನೂ ತಿಳಿಯುವುದಿಲ್ಲ.

ಸ್ಕ್ರೀನ್‌ಶಾಟ್ ಎಂದರೆ ಮೆಮೊರಿಯಲ್ಲಿರುವ ಅಂಕಿಗಳ ನಕಲು. ಅದಕ್ಕೆ ಕೇಬಲ್ಲಿನ ಸುದ್ದಿಯೂ ಗೊತ್ತಿಲ್ಲ, ಮಾನಿಟರ್ ಸುದ್ದಿಯೂ ಗೊತ್ತಿಲ್ಲ. ಚೌಕ, ಗೆರೆ, ಚೂರಾದ ಅಕ್ಷರ ಆ ನಕಲಿನಲ್ಲೂ ಬಂದಿದ್ದರೆ ಚಿತ್ರ ಪೋರ್ಟ್ ತಲುಪುವ ಮೊದಲೇ ಕೆಟ್ಟಿದೆ. ಅಂದರೆ ಡ್ರೈವರ್, ಗ್ರಾಫಿಕ್ಸ್ ಚಿಪ್, ಮೆಮೊರಿ, ಇಲ್ಲವೇ ಆ ಒಂದು ಪ್ರೋಗ್ರಾಮ್. ಕೇಬಲ್ ಬದಲಾಯಿಸಿ ದುಡ್ಡು ಕಳೆಯಬೇಡಿ. ಫೋನ್‌ನಲ್ಲಿ ಚಿತ್ರ ಸ್ವಚ್ಛವಾಗಿ ಕಂಡರೆ ಹೆಚ್ಚಿನ ಅನುಮಾನ ಕೇಬಲ್ ಮತ್ತು ಮಾನಿಟರ್ ಮೇಲೆ. 'ಹೆಚ್ಚಿನ' ಎಂದು ಸುಮ್ನೆ ಹೇಳಲಿಲ್ಲ. ಕಾರ್ಡ್‌ನಲ್ಲೇ ಇರುವ ಪೋರ್ಟ್, ಅದರ ಹಿಂದಿನ ಸರ್ಕ್ಯೂಟ್ ಕೂಡ ಗಡಿಯ ಆಚೆಗೇ ಬರುತ್ತವೆ. ಬಂದು ಹೋಗುವ ಮೆಮೊರಿ ತೊಂದರೆ ಕೆಲವೊಮ್ಮೆ ನಕಲಿಗೆ ಸಿಗದೆ ತಪ್ಪಿಸಿಕೊಳ್ಳುವುದೂ ಉಂಟು. ಹಾಗಾಗಿ ನಕಲಿನಲ್ಲಿ ತಪ್ಪು ಸಿಕ್ಕರೆ ಗಟ್ಟಿ ಸಾಕ್ಷಿ. ಸಿಗದಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಮಾನಿಟರ್‌ನ ಅಂಚಿನಲ್ಲೋ ಹಿಂದೆಯೋ ಇರುವ ಬಟನ್ ಒತ್ತಿ, ಬ್ರೈಟ್‌ನೆಸ್ ಹೆಚ್ಚು ಕಡಿಮೆ ಮಾಡುವ ಮೆನು ತೆರೆಯಿರಿ. ಈ ಮೆನು ಕಂಪ್ಯೂಟರ್‌ನಿಂದ ಬರುವುದಿಲ್ಲ, ಮಾನಿಟರ್‌ನ ಬೋರ್ಡ್ ತಾನೇ ಬರೆಯುತ್ತದೆ. ಗೆರೆ ಮೆನುವಿನ ಮೇಲೂ ಹಾದುಹೋಗಿದ್ದರೆ ಮಾನಿಟರ್ ಕೆಟ್ಟಿದೆ. ಸುತ್ತಲಿನ ಚಿತ್ರ ಕುಣಿಯುತ್ತಿದ್ದರೂ ಮೆನು ಮಾತ್ರ ಅಲುಗಾಡದೆ ನಿಂತಿದ್ದರೆ ಮಾನಿಟರ್‌ಗೆ ಬರುತ್ತಿರುವ ಸಿಗ್ನಲ್ಲೇ ಸರಿ ಇಲ್ಲ. ಇನ್ನೂ ಅನುಮಾನವಿದ್ದರೆ ಕೇಬಲ್ ಕಿತ್ತುಬಿಡಿ. 'ನೋ ಸಿಗ್ನಲ್' ಎಂದು ಬರುವ ಹೊತ್ತಿನಲ್ಲೂ ಗೆರೆ ಇದೆಯೇ ನೋಡಿ. ಡೆಲ್‌ನ ಹಲವು ಮಾನಿಟರ್‌ಗಳಲ್ಲಿ ಇದಕ್ಕೆಂದೇ ಒಳಗೇ ಒಂದು ಪರೀಕ್ಷೆ ಇರುತ್ತದೆ. ಅದು ಕೆಂಪು, ಹಸಿರು, ನೀಲಿ, ಬಿಳಿ ಹೀಗೆ ಒಂದೊಂದೇ ಬಣ್ಣ ತುಂಬಿ ತೋರಿಸುತ್ತದೆ.

ಕಂಪ್ಯೂಟರ್ ಅಂಗಡಿಗೆ ಹೋಗುವಾಗ ಈ ಸ್ಕ್ರೀನ್‌ಶಾಟ್ ಜೊತೆಗೆ ಅದೇ ತೊಂದರೆಯನ್ನು ಫೋನ್ ಕ್ಯಾಮೆರಾದಲ್ಲೂ ಹಿಡಿದುಕೊಂಡು ಹೋಗಿ. ಎರಡನ್ನೂ ಪಕ್ಕಪಕ್ಕ ತೋರಿಸಿದರೆ 'ಫಾರ್ಮ್ಯಾಟ್ ಮಾಡಿ ನೋಡೋಣ' ಎನ್ನುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಒಂದು ಎಚ್ಚರಿಕೆ: ಕ್ಯಾಮೆರಾ ಹಿಡಿದಾಗ ಮಾತ್ರ ಓಡುವ ಕಪ್ಪು ಪಟ್ಟೆಗಳು ಕಾಯಿಲೆ ಅಲ್ಲ. ಸ್ಕ್ರೀನ್ ಬೆಳಗುವ ವೇಗಕ್ಕೂ ಕ್ಯಾಮೆರಾ ಹಿಡಿಯುವ ವೇಗಕ್ಕೂ ಹೊಂದದೆ ಹಾಗೆ ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೆ ಬಿಟ್ಟುಬಿಡಿ.

ಮಾನಿಟರ್ ಕೆಟ್ಟಿದ್ದರೆ

ಇಲ್ಲಿ ಹೇಳುವುದು ಕಡಿಮೆ, ಏಕೆಂದರೆ ಮಾಡುವುದೂ ಕಡಿಮೆ. ಮೇಲಿಂದ ಕೆಳಗೆ ನೇರವಾಗಿ ಒಂದೇ ಜಾಗದಲ್ಲಿ ನಿಂತ, ಒಂದು ಚುಕ್ಕೆಯಷ್ಟೇ ಅಗಲದ ಗೆರೆ ಪ್ಯಾನೆಲ್‌ನ ಕಾಯಿಲೆ. ಗಾಜಿನ ಅಂಚಿಗೆ ತೆಳುವಾದ ಫಿಲ್ಮ್‌ಗಳನ್ನು ಅಂಟಿಸಿರುತ್ತಾರೆ. ಮೇಲಿಂದ ಕೆಳಗಿನ ಚುಕ್ಕೆಗಳ ಪ್ರತಿ ಸಾಲಿಗೂ ಸಿಗ್ನಲ್ ಹೋಗುವುದು ಅದರ ಮೂಲಕ. ಅಲ್ಲಿ ಒಂದು ಕೂಡಿಕೆ ಬಿಟ್ಟರೂ ಆ ಸಾಲು ಹೋಯಿತು. ಅಂಚನ್ನು ಹಗುರವಾಗಿ ಒತ್ತಿದಾಗ ಗೆರೆ ಮಾಯವಾಗಿ, ಬಿಟ್ಟಾಗ ಬಂದರೆ ಇನ್ನು ಅನುಮಾನವೇ ಬೇಡ. ಮಾನಿಟರ್ ತಲೆಗೆ ಹೊಡೆದಾಗ ಸರಿಹೋದಂತೆ ಕಾಣುವುದೂ ಇದರಿಂದಲೇ. ವಾರಂಟಿ ಇದ್ದರೆ ಸರಿ; ಇಲ್ಲದಿದ್ದರೆ ಪ್ಯಾನೆಲ್ ಹಾಕಿಸುವ ಬದಲು ಹೊಸ ಮಾನಿಟರ್ ತರುವುದೇ ಲೇಸು.

ಸ್ಕ್ರೀನ್ ಪೂರ್ತಿ ಕತ್ತಲಾಗಿ, ಪವರ್ ದೀಪ ಮಾತ್ರ ಉರಿಯುತ್ತಿದ್ದರೆ ಟಾರ್ಚ್ ಹಾಕಿ ಓರೆಯಾಗಿ ನೋಡಿ. ಮಸುಕಾಗಿ ಐಕಾನ್‌ಗಳು ಕಂಡವೇ? ಹಾಗಾದರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಹೋಗಿದೆ. ಹಳೆಯ ಮಾನಿಟರ್‌ಗಳಲ್ಲಿ ಪವರ್ ಬೋರ್ಡ್‌ನ ಕೆಪಾಸಿಟರ್ ಉಬ್ಬಿರುವುದೂ ಸಾಮಾನ್ಯ. ಅದು ಊರಿನ ಟಿವಿ ರಿಪೇರಿಯವರ ಕೈಯಲ್ಲಿ ಅಗ್ಗಕ್ಕೆ ಮುಗಿಯುವ ಕೆಲಸ. ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಅಲ್ಲಿ ಕರೆಂಟ್ ಉಳಿದಿರುತ್ತದೆ.

ಕೇಬಲ್ ಎಂಬ ಬಡಪಾಯಿ

ಎಲ್ಲರೂ ಕೊನೆಗೆ ನೋಡುವುದು ಕೇಬಲ್ಲನ್ನು. ನಾನಾದರೆ ಮೊದಲೇ ನೋಡುತ್ತೇನೆ.

ನಮ್ಮ ಕಚೇರಿ, ಶಾಲೆ, ಸೈಬರ್ ಸೆಂಟರ್‌ಗಳಲ್ಲಿ ಈಗಲೂ ನೀಲಿ ತಲೆಯ ವಿಜಿಎ ಕೇಬಲ್ ಓಡುತ್ತಿದೆ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರ್ ಜೊತೆ ತಂದದ್ದು. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಹಾಗಾಗಿ ಕಾಯಿಲೆಯ ಬಣ್ಣ ನೋಡಿಯೇ ಯಾವ ತಂತಿ ಎಂದು ಹೇಳಬಹುದು. ಬಿಳಿ ಹಾಳೆ ಹಳದಿಯಾದರೆ ನೀಲಿ ಬರುತ್ತಿಲ್ಲ. ನೀಲಿ-ಹಸಿರು ಬೆರೆತ ಬಣ್ಣವಾದರೆ ಕೆಂಪು ಬರುತ್ತಿಲ್ಲ. ಗಾಢ ಗುಲಾಬಿಯಾದರೆ ಹಸಿರು ಬರುತ್ತಿಲ್ಲ. ಕೇಬಲ್ ಬಿಚ್ಚಿ ಪಿನ್‌ಗಳನ್ನು ನೋಡಿ. ಮೇಲಿನ ಸಾಲಿನ ಮೊದಲ ಮೂರು ಪಿನ್‌ಗಳೇ ಆ ಮೂರು ಬಣ್ಣ. ಬಾಗಿದ್ದರೆ ಸೂಜಿಯಿಂದ ಮೆಲ್ಲಗೆ ನೇರ ಮಾಡಬಹುದು. ನಡುಸಾಲಿನಲ್ಲಿ ಒಂದು ಪಿನ್ ಇಲ್ಲವೆಂದು ಗಾಬರಿ ಬೀಳಬೇಡಿ. ಎಷ್ಟೋ ಕೇಬಲ್‌ಗಳಲ್ಲಿ 9ನೇ ಪಿನ್ ಹುಟ್ಟುತ್ತಲೇ ಇರುವುದಿಲ್ಲ. ಅಕ್ಷರದ ಪಕ್ಕದಲ್ಲಿ ಅದೇ ಅಕ್ಷರದ ನೆರಳು ಬೀಳುವುದು, ಚಿತ್ರದ ಮೇಲೆ ಅಗಲದ ಪಟ್ಟೆಯೊಂದು ನಿಧಾನವಾಗಿ ಉರುಳುವುದು ಕೂಡ ವಿಜಿಎಯದ್ದೇ ಗುಣ. ಉರುಳುವ ಪಟ್ಟೆ ಇದ್ದು, ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಕಂಪ್ಯೂಟರ್ ಬಿಟ್ಟು ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ.

ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಡಿಜಿಟಲ್ ಆದ್ದರಿಂದ ಅವು ಕೆಡುವ ರೀತಿ ಬೇರೆ. ಬಣ್ಣ ನಿಧಾನವಾಗಿ ಮಾಸುವುದಿಲ್ಲ. ಮೊದಲು ಅಲ್ಲಲ್ಲಿ ಚುಕ್ಕೆಗಳು ಮಿಂಚುತ್ತವೆ, ಕಪ್ಪು ಹಿನ್ನೆಲೆಯಲ್ಲಿ ಚೆನ್ನಾಗಿ ಕಾಣುತ್ತವೆ. ಸ್ವಲ್ಪ ಜಾಸ್ತಿಯಾದರೆ ಮಾನಿಟರ್‌ಗೆ ಸಿಗ್ನಲ್ ಹಿಡಿದುಕೊಳ್ಳಲಾಗದೆ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಇನ್ನೂ ಜಾಸ್ತಿಯಾದರೆ ಡಿಸ್‌ಪ್ಲೇ ಬರುವುದೇ ಇಲ್ಲ.

ಇಲ್ಲೊಂದು ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಓಡಲು ಎಚ್‌ಡಿಎಂಐ ತಂತಿಯಲ್ಲಿ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು. ಅದೇ 4ಕೆ ಚಿತ್ರಕ್ಕೆ ನಾಲ್ಕು ಪಟ್ಟು, ಸುಮಾರು 17.8 ಗಿಗಾಬಿಟ್. ಎಚ್‌ಡಿಎಂಐ 1.4 ಆವೃತ್ತಿಯ ಮಿತಿ 10.2 ಗಿಗಾಬಿಟ್, 2.0ದು 18, 2.1ದು 48. ಹೊಸ 4ಕೆ ಮಾನಿಟರ್ ತಂದು, ಹಳೆಯ ಕೇಬಲ್ 'ಚೆನ್ನಾಗೇ ಇತ್ತಲ್ಲ' ಎಂದು ಅದನ್ನೇ ಚುಚ್ಚಿದರೆ ಏನಾಗುತ್ತದೆ? ಕೇಬಲ್ ಕೆಟ್ಟಿರುವುದಿಲ್ಲ, ಹೊರೆ ಮಿತಿ ಮೀರಿರುತ್ತದೆ. ಇದರಿಂದಲೇ ಒಂದು ಒಳ್ಳೆಯ ಪರೀಕ್ಷೆಯೂ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್, ಅಂದರೆ ಆ ಹರ್ಟ್ಸ್, ಇಳಿಸಿ. 144 ಇದ್ದರೆ 60ಕ್ಕೆ, 60 ಇದ್ದರೆ 30ಕ್ಕೆ, ಇಲ್ಲವೇ ರೆಸಲ್ಯೂಷನ್ ಒಂದು ಮೆಟ್ಟಿಲು ಕೆಳಗೆ. ಚುಕ್ಕೆ, ಕತ್ತಲೆ ಎರಡೂ ನಿಂತರೆ ಅಪರಾಧಿ ಕೇಬಲ್ ಅಥವಾ ಅದನ್ನು ಚುಚ್ಚಿದ ಪೋರ್ಟ್. ಹೊಸ ಕೇಬಲ್ ತರುವಾಗ ಬೇಕಾದ್ದಕ್ಕಿಂತ ಉದ್ದದ್ದು ತರಬೇಡಿ. ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ.

ಡಿಸ್‌ಪ್ಲೇಪೋರ್ಟ್‌ನಲ್ಲಿ ಇನ್ನೊಂದು ವಿಚಿತ್ರ ಉಂಟು. ಅದರ 20ನೇ ಪಿನ್‌ನಲ್ಲಿ 3.3 ವೋಲ್ಟ್ ಇರುತ್ತದೆ. ಸರಿಯಾದ ಕೇಬಲ್‌ನಲ್ಲಿ ಆ ಪಿನ್‌ಗೆ ತಂತಿ ಜೋಡಿಸಿರಬಾರದು. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಜೋಡಿಸಿಬಿಟ್ಟಿರುತ್ತಾರೆ. ಆಗ ಮಾನಿಟರ್‌ನ ವಿದ್ಯುತ್ತು ಹಿಂದಕ್ಕೆ ಗ್ರಾಫಿಕ್ಸ್ ಕಾರ್ಡ್‌ಗೆ ನುಗ್ಗುತ್ತದೆ, ಕಂಪ್ಯೂಟರ್ ಆನ್ ಆಗುವುದಕ್ಕೇ ತಕರಾರು ಮಾಡುತ್ತದೆ. ಕೇಬಲ್ ಕಿತ್ತರೆ ಆನ್ ಆಗುತ್ತದೆ, ಚುಚ್ಚಿದರೆ ಆಗುವುದಿಲ್ಲ ಎನ್ನುವ ಸ್ಥಿತಿ ಇದ್ದರೆ ಇದನ್ನು ನೆನೆಯಿರಿ.

ನಗು ಬರುವಂಥದ್ದೂ ಒಂದಿದೆ. ಆಫೀಸಿನಲ್ಲಿ ಕುರ್ಚಿಯಿಂದ ಎದ್ದಾಗಲೆಲ್ಲ ಸ್ಕ್ರೀನ್ ಒಂದು ಗಳಿಗೆ ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಹಾಸ್ಯ ಮಾಡಬೇಡಿ. ಗ್ಯಾಸ್ ಸಿಲಿಂಡರ್‌ನಿಂದ ಏರಿಳಿಯುವ ಕುರ್ಚಿಗಳಲ್ಲಿ ಕೂತು ಏಳುವಾಗ ಸ್ಥಿರ ವಿದ್ಯುತ್ತು ಹುಟ್ಟಿ, ಅದರ ಹೊಡೆತ ವಿಡಿಯೊ ಕೇಬಲ್‌ಗೆ ತಾಗುವುದು ನಿಜ. ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಗ್ರಾಹಕರಿಗೆ ಕೊಟ್ಟ ಸಲಹೆಯಲ್ಲೇ ಇದನ್ನು ಬರೆದಿದೆ. ಹೊರಕವಚ ಚೆನ್ನಾಗಿರುವ ಕೇಬಲ್ ಹಾಕಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ.

'ಡಿಸ್‌ಪ್ಲೇ ಬರ್ತಿಲ್ಲ' ಎನ್ನುವವರಲ್ಲಿ ಒಂದಷ್ಟು ಜನ ಕೇಬಲ್ಲನ್ನು ತಪ್ಪು ಪೋರ್ಟ್‌ಗೆ ಚುಚ್ಚಿರುತ್ತಾರೆ. ಕ್ಯಾಬಿನೆಟ್‌ ಹಿಂದೆ ಮದರ್‌ಬೋರ್ಡ್‌ನದ್ದೊಂದು ಎಚ್‌ಡಿಎಂಐ, ಅದರ ಕೆಳಗೆ ಅಡ್ಡಡ್ಡವಾಗಿ ಕಾರ್ಡ್‌ನದ್ದೊಂದು. ಕಾರ್ಡ್ ಇದ್ದರೆ ಕೇಬಲ್ ಹೋಗಬೇಕಾದದ್ದು ಕೆಳಗಿನದಕ್ಕೆ. ಐ5-12400ಎಫ್ ಥರ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಅಂಥ ಮೆಷಿನ್‌ನಲ್ಲಿ ಮೇಲಿನ ಪೋರ್ಟ್‌ಗೆ ಏನು ಚುಚ್ಚಿದರೂ ಕತ್ತಲೆಯೇ.

ತೊಂದರೆ ಈ ಕಡೆಯೇ ಇದ್ದರೆ

ಸ್ಕ್ರೀನ್‌ಶಾಟ್‌ನಲ್ಲೂ ಚೌಕಗಳು ಬಂದವು ಎನ್ನೋಣ. ಈಗ ಉಳಿದ ಅರ್ಧವನ್ನು ಮತ್ತೆ ಎರಡು ಮಾಡಬೇಕು. ತಪ್ಪು ಸಾಫ್ಟ್‌ವೇರ್‌ನದ್ದೋ, ಚಿಪ್‌ನದ್ದೋ?

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ ಹೋಗಿ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಅಲ್ಲಿ ವಿಂಡೋಸ್ ಇನ್ನೂ ಹುಟ್ಟಿಲ್ಲ, ಅದರ ಡ್ರೈವರ್ ಕೂಡ ಇಲ್ಲ. ಕಂಪನಿಯ ಲೋಗೋ ಮೇಲೆ ಚುಕ್ಕೆಗಳ ಸಾಲು, ಅಕ್ಷರಗಳ ನಡುವೆ ಅರ್ಥವಿಲ್ಲದ ಚಿಹ್ನೆ ಕಂಡರೆ ಹಾರ್ಡ್‌ವೇರ್ ಕೆಟ್ಟಿದೆ. ಫಾರ್ಮ್ಯಾಟ್ ಹೊಡೆದು ಒಂದು ದಿನ ಹಾಳು ಮಾಡಿಕೊಳ್ಳಬೇಡಿ.

ಬಯೋಸ್ ಸ್ವಚ್ಛವಾಗಿದ್ದರೆ ಸೇಫ್ ಮೋಡ್. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ಅದರ ದಾರಿ ಸಿಗುತ್ತದೆ. ಅಲ್ಲಿ ವಿಂಡೋಸ್ ನಿಮ್ಮ ಕಾರ್ಡ್‌ನ ಡ್ರೈವರ್ ಬಿಟ್ಟು ಮೈಕ್ರೋಸಾಫ್ಟ್‌ನ ಸರಳ ಡ್ರೈವರ್‌ನಿಂದ ಓಡುತ್ತದೆ. ಮಾಮೂಲಿ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಬಂದ ಕೂಡಲೇ ಕಾಣುತ್ತಿದ್ದ ತೊಂದರೆ ಇಲ್ಲಿ ಇಲ್ಲವೆಂದರೆ ಡ್ರೈವರ್ ಮೇಲೆ ಅನುಮಾನ ಬಲವಾಗುತ್ತದೆ. ಆದರೆ ಗೇಮ್ ಆಡಿದ ಮೇಲಷ್ಟೇ ಬರುವ ತೊಂದರೆಗೆ ಈ ಪರೀಕ್ಷೆ ಉಪಯೋಗವಿಲ್ಲ. ಸೇಫ್ ಮೋಡ್‌ನಲ್ಲಿ ಕಾರ್ಡ್‌ಗೆ ಕೆಲಸವೇ ಇರುವುದಿಲ್ಲ. ಕೆಲಸವಿಲ್ಲದವರು ಸುಸ್ತಾಗುವುದೂ ಇಲ್ಲ, ಅಲ್ವಾ?

ಡ್ರೈವರ್ ಎಂದು ಅನ್ನಿಸಿದರೆ ಮೊದಲು ಸುಲಭದ್ದು: ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ. ಒಮ್ಮೆ ಬೀಪ್ ಎಂದು, ಸ್ಕ್ರೀನ್ ಮಿಟುಕಿ, ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆ ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಇದೆ. ಅದೂ ಆಗದಿದ್ದರೆ ಡಿಡಿಯು ಎನ್ನುವ ಉಚಿತ ಪ್ರೋಗ್ರಾಮ್‌ನಿಂದ ಸೇಫ್ ಮೋಡ್‌ನಲ್ಲಿ ಹಳೆಯದನ್ನೆಲ್ಲ ಗುಡಿಸಿ ಹೊಸದು ಹಾಕಿ. ಆಗ ಇಂಟರ್ನೆಟ್ ಕಿತ್ತಿಟ್ಟಿರಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಿಮಗಿಂತ ಮೊದಲೇ ತನ್ನದೊಂದನ್ನು ತಂದು ಕೂರಿಸಿಬಿಡುತ್ತದೆ.

ಸ್ಕ್ರೀನ್ ಕಪ್ಪಾಗಿ ಮತ್ತೆ ಬರುವ ವಿಷಯಕ್ಕೆ ಇಲ್ಲಿ ಮರಳಬೇಕು, ಏಕೆಂದರೆ ಅದಕ್ಕೆ ಎರಡನೇ ಕಾರಣವೂ ಇದೆ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿ ಟಿಡಿಆರ್ ಎಂಬ ಕಾವಲು ಇದೆ. ಗ್ರಾಫಿಕ್ಸ್ ಚಿಪ್ ಕೊಟ್ಟ ಕೆಲಸದಲ್ಲಿ 2 ಸೆಕೆಂಡ್ ಸಿಕ್ಕಿಕೊಂಡರೆ ವಿಂಡೋಸ್ ಇನ್ನು ಕಾಯುವುದಿಲ್ಲ, ಡ್ರೈವರನ್ನು ಎಳೆದು ಮತ್ತೆ ಶುರುಮಾಡುತ್ತದೆ. ಆ ಹೊತ್ತು ಸ್ಕ್ರೀನ್ ಕಪ್ಪು. ನೋಡಲು ಕೇಬಲ್ ತೊಂದರೆಯ ಹಾಗೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ಹೀಗೆ: ಕೇಬಲ್ ತಪ್ಪಿದ್ದರೆ ಗೇಮ್ ನಿಲ್ಲದೆ ಓಡುತ್ತಿರುತ್ತದೆ, ಚಿತ್ರ ಮರಳಿದಾಗ ನಿಮ್ಮ ಕಾರು ಗೋಡೆಗೆ ಗುದ್ದಿರುತ್ತದೆ. ಟಿಡಿಆರ್ ಆಗಿದ್ದರೆ ಮೊದಲು ಎಲ್ಲ ಸ್ತಬ್ಧವಾಗಿ ಆಮೇಲೆ ಕಪ್ಪಾಗುತ್ತದೆ, ಗೇಮ್ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ. ಸಾಕ್ಷಿ ಬೇಕಿದ್ದರೆ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು 4101 ಎಂಬ ಸಂಖ್ಯೆ ಹುಡುಕಿ. ಸ್ಕ್ರೀನ್ ಕಪ್ಪಾದ ಹೊತ್ತಿಗೆ ಸರಿಯಾಗಿ ಅದು ದಾಖಲಾಗಿದ್ದರೆ ಕೇಬಲ್ ನಿರ್ದೋಷಿ.

ಹಾರ್ಡ್‌ವೇರ್ ತಪ್ಪಿಗೆ ಒಂದು ಮುಖಚಹರೆ ಇದೆ. ಸರಿಸಮ ಅಂತರದಲ್ಲಿ ಸಾಲಾಗಿ ನಿಂತ ಬಣ್ಣದ ಚೌಕಗಳು, ಚೆಸ್ ಹಾಸಿನಂಥ ಹರವು. ಡ್ರೈವರ್ ಕೆಟ್ಟರೆ ಇಷ್ಟು ಶಿಸ್ತು ಅಪರೂಪ. ಕಾರ್ಡ್‌ನ ಮೆಮೊರಿ ಒಂದೇ ಚಿಪ್ ಆಗಿರುವುದಿಲ್ಲ, ಹಲವು ಚಿಪ್‌ಗಳ ಗುಂಪು. ವೇಗಕ್ಕಾಗಿ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ ಸರದಿ ಪ್ರಕಾರ ಆ ಚಿಪ್‌ಗಳಿಗೆ ಹಂಚುತ್ತಾರೆ. ಒಂದು ಚಿಪ್ ಕೆಟ್ಟರೆ ಅದರ ಸರದಿ ಬಂದಲ್ಲೆಲ್ಲ ಚಿತ್ರ ಕೆಡುತ್ತದೆ. ಆ ಸಮ ಅಂತರ ಬರುವುದು ಅಲ್ಲಿಂದ. 2018ರಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 2080 ಟಿಐ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಾಗ ಮೊದಲ ಕೆಲವು ಬೋರ್ಡ್‌ಗಳಲ್ಲಿ ಇಂಥ ಚಿತ್ತಾರಗಳು ಕಂಡು ಗದ್ದಲವಾಗಿತ್ತು. ಪರೀಕ್ಷೆಯಲ್ಲಿ ತಪ್ಪಿಸಿಕೊಂಡ ಕೆಲವು ಬೋರ್ಡ್‌ಗಳು ಹೊರಗೆ ಹೋಗಿವೆ ಎಂದು ಎನ್‌ವಿಡಿಯಾ ಒಪ್ಪಿಕೊಂಡಿತು.

ಬದಲಿಗೆ ಹಾಕಿ ನೋಡಲು ಇನ್ನೊಂದು ಕಾರ್ಡ್ ಇಲ್ಲದವರು ತೀರ್ಮಾನಕ್ಕೆ ಬರಲು ಇನ್ನೊಂದು ದಾರಿ ಇದೆ. ವಿಂಡೋಸ್ ಬದಲು ಬಳಸುವ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಬೇರೆ ವ್ಯವಸ್ಥೆ, ಬೇರೆ ಡ್ರೈವರ್. ಅಲ್ಲೂ ಅದೇ ಚೌಕ, ಅದೇ ಜಾಗ ಎಂದಾದರೆ ವಿಂಡೋಸ್ ಮೇಲಿನ ಕೇಸು ಖುಲಾಸೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಓಡುವ ಮೆಷಿನ್ ಆದರೆ ಅನುಮಾನ ರ್‍ಯಾಮ್ ಮೇಲೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಚಿತ್ರ ಕೂರುವುದು ನಿಮ್ಮ ರ್‍ಯಾಮ್‌ನಲ್ಲೇ. ಎರಡು ಸ್ಟಿಕ್ ಇದ್ದರೆ ಪವರ್ ಕಿತ್ತು, ಒಂದೊಂದನ್ನೇ ಹಾಕಿ ನೋಡಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವುದು ನಮ್ಮ ಅಂಗಡಿಗಳ ಹಳೆಯ ಮದ್ದು. ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಆ ಮದ್ದು ಕೆಲಸ ಮಾಡುವುದೂ ಹೌದು. ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಲೋಹ ಮುಟ್ಟಿ, ಮೈಯ ಸ್ಥಿರ ವಿದ್ಯುತ್ತು ಇಳಿದುಹೋಗಲಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿ ಪೂರ್ತಿ ಓಡಿಸಿದರೆ ರ್‍ಯಾಮ್‌ನ ಜಾತಕ ಸಿಗುತ್ತದೆ.

ಇನ್ನುಳಿದದ್ದು ಬಿಸಿ ಮತ್ತು ಪವರ್. ಗೇಮ್ ಶುರುಮಾಡಿ ಹತ್ತು ಹದಿನೈದು ನಿಮಿಷದ ಮೇಲೆ ಚುಕ್ಕೆ ಬಂದು, ತಣ್ಣಗಾದ ಮೇಲೆ ಹೋಗುವುದಾದರೆ ಕ್ಯಾಬಿನೆಟ್ ತೆರೆದು ಫ್ಯಾನ್ ತಿರುಗುತ್ತಿದೆಯೇ ನೋಡಿ. ಹೀಟ್‌ಸಿಂಕ್ ನಡುವೆ ಕಂಬಳಿಯಂತೆ ಧೂಳು ಕೂತಿರುತ್ತದೆ, ನಮ್ಮ ರಸ್ತೆ ಧೂಳಿಗೆ ವರ್ಷಕ್ಕೊಮ್ಮೆ ಗುಡಿಸುವುದು ಸಾಲದು. ಎಚ್‌ಡಬ್ಲ್ಯುಇನ್ಫೋ ಎನ್ನುವ ಪ್ರೋಗ್ರಾಮ್ ಹಾಕಿಕೊಂಡರೆ ಕಾರ್ಡ್‌ನ ಬಿಸಿ ಎಷ್ಟೆಂದು ಓಡುತ್ತಿರುವಾಗಲೇ ಕಾಣುತ್ತದೆ. ಭಾರ ಬಿದ್ದ ಕೂಡಲೇ ಸ್ಕ್ರೀನ್ ಹೋಗಿ ಫ್ಯಾನ್ ಜೋರಾಗಿ ಕೂಗಿದರೆ, ಅಥವಾ ಮೆಷಿನ್ನೇ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ ಒಳಗಿನ ಪವರ್ ಪೆಟ್ಟಿಗೆ ನೋಡಿ. ಕಾರ್ಡ್‌ಗೆ ಸ್ಲಾಟ್‌ನಿಂದ ಸಿಗುವುದು 75 ವ್ಯಾಟ್, 6 ಪಿನ್ ಕನೆಕ್ಟರ್‌ನಿಂದ 75, 8 ಪಿನ್‌ನಿಂದ 150. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ 450 ಎಂದು ಬರೆದಿದ್ದರೂ ಅಷ್ಟನ್ನು ಅದು ನಿಜಕ್ಕೂ ಕೊಡುತ್ತದೆ ಎಂದು ನಾನು ನಂಬುವುದಿಲ್ಲ.

ವಿಡಿಯೊದಲ್ಲಿ ಮಾತ್ರ ತೊಂದರೆ

ಡೆಸ್ಕ್‌ಟಾಪ್ ಚೆನ್ನಾಗಿದೆ, ವಿಡಿಯೊ ಹಾಕಿದರೆ ಮಾತ್ರ ಹಸಿರು. ಯಾಕೆ ಹಸಿರೇ? ಕೆಂಪೋ ನೀಲಿಯೋ ಆಗಬಾರದೇ?

ವಿಡಿಯೊ ಫೈಲ್‌ಗಳಲ್ಲಿ ಬಣ್ಣ ಸಾಮಾನ್ಯವಾಗಿ ಕೆಂಪು-ಹಸಿರು-ನೀಲಿ ಎಂದು ಇರುವುದಿಲ್ಲ. ಹೊಳಪಿಗೆ ಒಂದು ಅಂಕಿ, ನೀಲಿಯತ್ತ ಎಷ್ಟು ವಾಲಿದೆ ಎನ್ನಲು ಒಂದು, ಕೆಂಪಿನತ್ತ ಎಷ್ಟು ಎನ್ನಲು ಇನ್ನೊಂದು. ಕೊನೆಯ ಎರಡರಲ್ಲಿ 'ಯಾವ ಕಡೆಗೂ ವಾಲಿಲ್ಲ' ಎನ್ನುವ ಅಂಕಿ 128. ಸೊನ್ನೆ ಎಂದರೆ ಆ ಬಣ್ಣದಿಂದ ಪೂರ್ತಿ ದೂರ. ಈಗ ಕಾರ್ಡ್‌ಗೆ ವಿಡಿಯೊ ಫೈಲ್ ಬಿಡಿಸಿ ಚಿತ್ರವಾಗಿಸಲು ಆಗಲಿಲ್ಲ, ಮೆಮೊರಿ ಖಾಲಿ ಉಳಿಯಿತು, ಮೂರೂ ಸೊನ್ನೆ. ನೀಲಿಯಿಂದಲೂ ದೂರ, ಕೆಂಪಿನಿಂದಲೂ ದೂರ. ಉಳಿದದ್ದು ಹಸಿರು. ಅಂದರೆ ಹಸಿರು ಸ್ಕ್ರೀನ್ ಹೇಳುತ್ತಿರುವುದು 'ನನಗೆ ಚಿತ್ರವೇ ಬರಲಿಲ್ಲ' ಎಂದು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಅಥವಾ ಗ್ರಾಫಿಕ್ಸ್ ಆಕ್ಸಿಲರೇಷನ್ ಎಂದು ಇರುವುದನ್ನು ಆಫ್ ಮಾಡಿ ನೋಡಿ. ಬಿಡಿಸುವ ಕೆಲಸ ಕಾರ್ಡ್‌ನಿಂದ ಪ್ರೊಸೆಸರ್‌ಗೆ ಹೋಗುತ್ತದೆ. ಸರಿಹೋದರೆ ಡ್ರೈವರ್ ಹೊಸದು ಹಾಕಿ, ಮತ್ತೆ ಆನ್ ಮಾಡಿಕೊಳ್ಳಿ.

ಮುಖಗಳು ಕಲಸಿಹೋಗಿ, ಹಿಂದಿನ ದೃಶ್ಯದ ಚೂರುಗಳು ಮುಂದಿನ ದೃಶ್ಯದಲ್ಲಿ ತೇಲುವುದಕ್ಕೆ ಕಾರಣ ಬೇರೆ. ವಿಡಿಯೊದಲ್ಲಿ ಪೂರ್ತಿ ಚಿತ್ರ ಆಗಾಗ ಒಂದು ಮಾತ್ರ. ನಡುವಿನವುಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಒಂದು ಕಡೆ ದತ್ತಾಂಶ ಕೈಬಿಟ್ಟರೆ ಮುಂದಿನ ಪೂರ್ತಿ ಚಿತ್ರ ಬರುವವರೆಗೂ ತಪ್ಪಿನ ಮೇಲೆ ತಪ್ಪು ಪೇರಿಸುತ್ತಾ ಹೋಗುತ್ತದೆ. ಪ್ರತಿ ಸಲವೂ ಅದೇ ನಿಮಿಷ, ಅದೇ ಸೆಕೆಂಡಿನಲ್ಲಿ ಕಲಸಿದರೆ ಫೈಲ್ ಕೆಟ್ಟಿದೆ, ಕಂಪ್ಯೂಟರ್ ಬಿಚ್ಚಬೇಡಿ. ಗೇಮ್‌ನಲ್ಲಿ ಚಿತ್ರ ಅಡ್ಡಡ್ಡ ಸೀಳಿದ ಹಾಗೆ ಕಂಡರೆ ಅದು ಕಾಯಿಲೆಯೇ ಅಲ್ಲ. ಒಂದು ಚಿತ್ರ ಅರ್ಧ ಹೋಗಿರುವಾಗಲೇ ಮುಂದಿನದು ಬಂದಿದೆ, ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಆನ್ ಮಾಡಿ.

ಕಾರ್ಡೇ ಹೋಗಿದೆ ಎಂದಾದರೆ

ಯೂಟ್ಯೂಬ್‌ನಲ್ಲಿ ಕಾರ್ಡನ್ನು ಓವನ್‌ನಲ್ಲಿ ಬೇಯಿಸಿ ಬದುಕಿಸುವವರನ್ನು ನೀವು ನೋಡಿರಬಹುದು. ಚಿಪ್‌ನ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಬಿಸಿಗೆ ಕೂಡಿಕೊಳ್ಳುತ್ತದೆ ಎನ್ನುವುದು ಅವರ ವಾದ. ಬೆಸುಗೆಯ ಕಾಯಿಲೆ ಸುಳ್ಳಲ್ಲ. 2008ರ ಜುಲೈಯಲ್ಲಿ ಎನ್‌ವಿಡಿಯಾ ಲ್ಯಾಪ್‌ಟಾಪ್ ಚಿಪ್‌ಗಳ ಇಂಥ ದೋಷಕ್ಕೆ 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಹೇಳಬೇಕಾಯಿತು. ಆದರೆ ಬೇಯಿಸಿದ ಕಾರ್ಡ್ ಬದುಕಿದರೂ ಹೆಚ್ಚು ದಿನ ಬಾಳುವುದಿಲ್ಲ. ಅಡುಗೆ ಮಾಡುವ ಓವನ್‌ಗೆ ಪ್ಲಾಸ್ಟಿಕ್ಕು, ಬೆಸುಗೆಯ ಹೊಗೆ ಹಿಡಿಸುವುದಂತೂ ಬೇಡವೇ ಬೇಡ.

ಮೊದಲು ಬಿಲ್ ಹುಡುಕಿ. ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎರಡಕ್ಕೂ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ. ಕಾರ್ಡ್ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಕಿತ್ತಿದ್ದರೆ ಕಷ್ಟ. ವಾರಂಟಿ ಮುಗಿದಿದ್ದರೆ ಮೆಮೊರಿ ಚಿಪ್ ಬದಲಾಯಿಸುವ ರಿಪೇರಿ ಕೂಡ ಉಂಟು. ರೇಟ್ ಮೊದಲೇ ಕೇಳಿ, ಕಾರ್ಡ್ ಹಳೆಯದಾಗಿದ್ದರೆ ಆ ದುಡ್ಡು ಹಾಕಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ತರುವುದಾದರೆ ಬರೀ ಡೆಸ್ಕ್‌ಟಾಪ್ ತೋರಿಸಿದ್ದಕ್ಕೆ ತೃಪ್ತರಾಗಬೇಡಿ, ಒಂದು ಗೇಮ್ ಕಾಲು ಗಂಟೆ ಓಡಿಸಲು ಹೇಳಿ. ಅಷ್ಟರವರೆಗೆ ಕೆಲಸ ನಿಲ್ಲಬೇಕಿಲ್ಲ. ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇದ್ದರೆ ಕೆಟ್ಟ ಕಾರ್ಡ್ ಕಿತ್ತಿಟ್ಟು, ಕೇಬಲ್ಲನ್ನು ಮೇಲಿನ ಮದರ್‌ಬೋರ್ಡ್ ಪೋರ್ಟ್‌ಗೆ ಚುಚ್ಚಿ. ಗೇಮ್ ಓಡದಿದ್ದರೂ ನುಡಿ, ಎಕ್ಸೆಲ್, ಯೂಟ್ಯೂಬ್ ಎಲ್ಲ ಆರಾಮಾಗಿ ಓಡುತ್ತವೆ.